ಕಣ್ಣು ಬರೆಯದ ಶಿಲುಬೆ

ಅಕ್ಟೋಬರ್ 4, 1988, ಮಂಗಳವಾರ

ಸಂತ ಫ್ರಾನ್ಸಿಸರ ಹಬ್ಬ. ಜ್ವರದವರು ಅರವತ್ತೊಂದು. ಚೀಟಿ ಹರಿದದ್ದು ಅರವತ್ತನಾಲ್ಕು; ಮೂವರು ಸಾಲಿನಲ್ಲಿ ನಿಲ್ಲಲಾರದೆ ವಾಪಸು ಹೋಗಿದ್ದಾರೆ.

ಬೆಳಿಗ್ಗೆ ಹಬ್ಬಕ್ಕೆಂದು ಪ್ರಾರ್ಥನಾ ಕೋಣೆಯ ಶಿಲುಬೆಯನ್ನು ಇಳಿಸಿ ಒರೆಸಲು ಹೋದೆ. ಮುಖದ ಬಣ್ಣ ಬಟ್ಟೆಗೆ ಹತ್ತಿಕೊಂಡು ಬಂತು. ಹಣೆಯಿಂದ ಗಡ್ಡದವರೆಗೆ ಬರೀ ಮರ. ಇದು ಕೆತ್ತಿದ ಶಿಲುಬೆ ಅಲ್ಲ. ಮೂರಡಿ ಎತ್ತರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಹಿಂದಿನ ಗೋಡೆ ಮುಟ್ಟಿದರೆ ಕೈಗೆ ಉಪ್ಪು ಹತ್ತುತ್ತದೆ. ಮೂರು ವರ್ಷದ ಹಿಂದೆ ಹಿತ್ತಲ ಪಕ್ಕದಲ್ಲಿ ಕಾಲುವೆ ಹರಿಯಿತು. ಆಮೇಲೆ ಸುತ್ತಲಿನ ಹೊಲಗಳಲ್ಲಿ ಭತ್ತ ಬಂತು, ನಮ್ಮ ಗೋಡೆಗಳಲ್ಲಿ ಸವಳು ಬಂತು, ಕಾಲುವೆ ಕೂಲಿಗಳ ಕ್ಯಾಂಪಿನಲ್ಲಿ ಚಳಿಜ್ವರ ಬಂತು.

"ಎಂತ ಮಾಡುದು ಮಾರಾಯ್ತಿ, ಗೋಡೆಯೇ ನೀರು ಕುಡಿದು ಕೂತಿದೆ," ಎಂದರು ಸಿಸ್ಟರ್ ಫಿಲೊಮಿನಾ. ಅವರು ಮಂಗಳೂರಿನ ಕಡೆಯವರು, ಅರವತ್ತೆಂಟು ವರ್ಷ. ಈ ದವಾಖಾನೆಯಲ್ಲಿ ಸಿಸ್ಟರುಗಳೆಂದರೆ ನಾವಿಬ್ಬರೇ.

ಈ ಶಿಲುಬೆ ಯಾದಗಿರಿಯ ಬೋರ್ಡಿಂಗಿನಲ್ಲಿತ್ತು. ಆಗ ನಾನು ಅಲ್ಲಿ ಓದುತ್ತಿದ್ದ ಹದಿನಾರರ ಹುಡುಗಿ. ಬೇರೆ ಶಿಲುಬೆಗಳಲ್ಲಿ ಯೇಸು ಕಣ್ಣು ಮುಚ್ಚಿ ತಲೆ ಬಾಗಿಸಿರುತ್ತಾನೆ. ಇದರಲ್ಲಿ ಕಣ್ಣು ತೆರೆದು ನೆಟ್ಟಗಿದ್ದ. ಬಾಗಿಲ ಬಳಿ ನಿಂತರೂ ನೋಡುತ್ತಿದ್ದ, ಕಿಟಕಿಯ ಬಳಿ ಹೋದರೂ ನೋಡುತ್ತಿದ್ದ. ಇಷ್ಟು ಹುಡುಗಿಯರಲ್ಲಿ ನನ್ನನ್ನೇ ನೋಡುತ್ತಿದ್ದಾನೆ ಅಂದುಕೊಂಡೆ. ಸಿಸ್ಟರ್ ಆಗಲು ಅದೇ ಕಾರಣ, ಬೇರೆ ಇಲ್ಲ. ಎರಡು ವರ್ಷದ ಹಿಂದೆ ನಾನು ಈ ದವಾಖಾನೆಗೆ ಬಂದೆ; ಬೋರ್ಡಿಂಗು ಮುಚ್ಚಿದಾಗ ಕೇಳಿ ಇದನ್ನು ಇಲ್ಲಿಗೆ ತರಿಸಿಕೊಂಡೆ.

ಆರು ಸಲ ವರ್ಷದ ವ್ರತ ಮಾಡಿದ್ದೇನೆ. ಇನ್ನು ವರ್ಷದ ಲೆಕ್ಕವಿಲ್ಲ. ಜೀವಮಾನದ ವ್ರತಕ್ಕೆ ಅಪ್ಪಣೆ ಬೇಡಬೇಕು, ಇಲ್ಲವೇ ಬಿಡುಗಡೆ ಕೇಳಬೇಕು. ಪತ್ರ ನನ್ನ ಕೈಬರಹದಲ್ಲಿ ನವೆಂಬರ್ ಮೂವತ್ತರೊಳಗೆ ನಮ್ಮ ಸಭೆಯ ಹಿರಿಯ ಮದರ್‌ಗೆ ಅಂಚೆಗೆ ಬೀಳಬೇಕು. ಬಿಡುಗಡೆಯ ಪತ್ರ ಆಗಸ್ಟಿನಲ್ಲೇ ಬರೆದಿಟ್ಟಿದ್ದೇನೆ. ಪ್ರಾರ್ಥನೆಯ ಪುಸ್ತಕದಲ್ಲಿದೆ. ತಾರೀಖು ಹಾಕುವುದೊಂದು ಬಾಕಿ.

ಅಕ್ಟೋಬರ್ 6, ಗುರುವಾರ

ಶಿಲುಬೆಯನ್ನು ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ರಂಗಂಪೇಟೆಗೆ ಹೋದೆ. ಅಲ್ಲಿ ಚಂದ್ರಾಮಪ್ಪ ಎಂಬ ಮುದುಕರಿದ್ದಾರೆ. ಸುರಪುರದ ಅರಮನೆಗೆ ಪಟ ಬರೆಯುತ್ತಿದ್ದ ಮನೆತನದವರು. ಈಗ ಮದುವೆ ಮನೆಗಳ ಗೋಡೆಗೂ ಬರೆಯುತ್ತಾರೆ.

ಹಲಗೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು, ಮೂಸಿದರು.

"ಎಲ್ಲೀದು ಇದು?"

"ಇಟಲಿಯಲ್ಲಿರುವುದರ ನಕಲು, ಅಜ್ಜಾರೆ."

"ಅಂಟು ಛೊಲೊ ಅದ. ನೀರ ಕೊಂದದ ಅಷ್ಟ. ನಾವು ಹುಣಸಿ ಬೀಜದ್ದು ಕಾಸ್ತೀವಿ, ಅದರಾಗ ಬರೀಲ್ಯಾ?"

"ನಿಮಗೆ ಗೊತ್ತಿರುವ ಹಾಗೆ ಬರೆಯಿರಿ."

"ನಿಮ್ಮ ಹೆಸರೇನ ಯವ್ವ?"

"ಸಿಸ್ಟರ್ ಕ್ಲಾರಾ. ಮನೆಯಲ್ಲಿ ಮೋನಮ್ಮ."

"ಹಂಗಾರ ತಿಂಥಣಿ ಹರಕಿ ಕೂಸು." ಹೌದು, ಅಜ್ಜಿಯ ಹರಕೆ. ಮನೆಯವರು ದೀಕ್ಷಾಸ್ನಾನ ಪಡೆದ ಮೇಲೂ ಅಜ್ಜಿ ತಿಂಥಣಿಯ ಮೌನೇಶ್ವರನ ಗುಡಿಗೆ ಹೋಗುವುದು ಬಿಟ್ಟಿರಲಿಲ್ಲ.

"ಕಣ್ಣ ಹ್ಯಾಂಗಿದ್ವು?" ಎಂದು ಕೇಳಿದರು.

ತೆರೆದಿದ್ದವು, ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಿದ್ದವು ಎಂದೆ. ಅವರು ಬಾಯಿಯಲ್ಲಿನ ಎಲೆ ಅಡಿಕೆ ಉಗಿದು ಬಂದು ನಕ್ಕರು.

"ಅದೇನ ಪವಾಡಲ್ಲ. ಗುಡ್ಡಿ ಬರೋಬ್ಬರಿ ನಡೂ ಇಟ್ರ ಆತು, ನೀವ್ ಎಲ್ಲಿ ನಿಂತರೂ ನಿಮ್ಮನ್ನ ನೋಡ್ತದ. ಆಕಳ ಚಿತ್ರ ಬರದ್ರೂ ನೋಡ್ತದ. ನಾ ಹತ್ತ ವರ್ಷದಾಂವ ಇದ್ದಾಗ ನಮ್ಮಪ್ಪ ಕಲಿಸಿದ್ದು."

ಗೋಡೆಗೆ ಒರಗಿಸಿದ್ದ ಲಕ್ಷ್ಮಿಯ ಪಟ ತೋರಿಸಿದರು. ಎಡಕ್ಕೆ ಸರಿದೆ, ಬಲಕ್ಕೆ ಸರಿದೆ. ನೋಡುತ್ತಿದ್ದಳು.

ಶಿಲುಬೆಯನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ನಿಂತುಕೊಂಡೇ ಬಂದೆ.

ಅಕ್ಟೋಬರ್ 9, ಭಾನುವಾರ

ಜ್ವರದವರು ಐವತ್ತೆಂಟು. ಫ್ರಾನ್ಸಿಸ್ ಹಾಳು ಬಿದ್ದ ಗುಡಿಯಲ್ಲಿ ಮೊಣಕಾಲೂರಿದ್ದಾಗ ಅಲ್ಲಿನ ಶಿಲುಬೆ, "ನನ್ನ ಮನೆ ಬೀಳುತ್ತಿದೆ, ಕಟ್ಟು" ಅಂದಿತಂತೆ. ಆತ ಕಲ್ಲು ಹೊತ್ತು ಗೋಡೆ ಕಟ್ಟಿದ. ನಮ್ಮದು ಅದೇ ಶಿಲುಬೆಯ ನಕಲು. ನನಗೆ ಯಾವ ಮಾತೂ ಕೇಳಿಸಿರಲಿಲ್ಲ, ನೋಟ ಮಾತ್ರ. ಅದೂ ಹತ್ತು ವರ್ಷದ ಹುಡುಗ ಕಲಿಯುವ ಕೈಕೆಲಸವೆಂದರೆ ಹನ್ನೊಂದು ವರ್ಷ ನಾನು ಯಾರಿಗೆ ಓಗೊಟ್ಟೆ? ಪ್ರಾರ್ಥನೆಗೆ ಕೂತೆ. ಖಾಲಿ ಮೊಳೆ ಕಾಣುತ್ತಿತ್ತು.

ಅಕ್ಟೋಬರ್ 15, ಶನಿವಾರ

ತಿಮ್ಮವ್ವ, ಅಂದಾಜು ಇಪ್ಪತ್ತೈದು ವರ್ಷ, ಕಾಲುವೆಗೆ ಕಲ್ಲು ಹೊದಿಸುವ ಗುಂಪಿನವಳು. ಬುಧವಾರ ಬಂದಿದ್ದಳು, ರಕ್ತ ತೆಗೆದು ಮಾತ್ರೆ ಕೊಟ್ಟಿದ್ದೇನೆ. ರಿಜಿಸ್ಟರಿನಲ್ಲಿ ನಲವತ್ತನೆಯ ಹೆಸರು. ಇಂದು ಪ್ರಜ್ಞೆಯಿಲ್ಲದೆ ಟ್ರ್ಯಾಕ್ಟರಿನಲ್ಲಿ ತಂದರು. ಸುರಪುರದ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳು.

ಬುಧವಾರ ಆಕೆ ಹೇಗೆ ಕಾಣುತ್ತಿದ್ದಳು ಎಂದು ಜೈತುನಬೀಯನ್ನು ಕೇಳಿದೆ. ಜೈತುನಬೀ ನಮ್ಮ ಆಯಾ. "ಕಣ್ಣ ಹಳದಿ ಆಗಿದ್ವು, ಮಾತ ತೊದಲ್ತಿತ್ತು. ನೀವು ಚೀಟಿ ಬರಿಯಾಕತ್ತಿದ್ರಿ," ಎಂದಳು.

ಆಕೆಯ ಮುಖ ನನಗೆ ನೆನಪಿಗೆ ಬರುತ್ತಿಲ್ಲ.

ಅಕ್ಟೋಬರ್ 22, ಶನಿವಾರ

ಶಿಲುಬೆ ತರಲು ಹೋದೆ. ಚಂದ್ರಾಮಪ್ಪ ಮನೆಯಲ್ಲಿರಲಿಲ್ಲ. ಸೊಸೆ ಶೇಖಮ್ಮ ಚಾದರ ಸುತ್ತಿಟ್ಟಿದ್ದ ಹಲಗೆಯನ್ನು ಕೈಗೆ ಕೊಟ್ಟಳು. "ಮಾವ ನಿಮಗೊಂದು ಮಾತ ಹೇಳೂದದ ಅಂದಾರ್ರಿ, ಸಂಜಿಗೆ ಬರ್ತಾರ, ಕುಂದರ್ರಿ." ಮೂರರ ಬಸ್ಸು ಆಗಲೇ ಹಾರ್ನು ಹೊಡೆಯುತ್ತಿತ್ತು. ಅದು ತಪ್ಪಿದರೆ ನಾಳೆಯೇ. ಇನ್ನೊಮ್ಮೆ ಕೇಳುತ್ತೇನೆಂದು ಓಡಿ ಬಂದೆ.

ಮನೆಗೆ ಬಂದು ಬಿಚ್ಚಿದೆವು. ಹಣೆ, ಮೂಗು, ಗಡ್ಡ, ತಲೆಯ ಹಿಂದಿನ ಪ್ರಭೆಗೆ ಬಂಗಾರದ ರೇಕು, ಎಲ್ಲ ಆಗಿತ್ತು. ಕಣ್ಣಿನ ಜಾಗದಲ್ಲಿ ಎರಡು ಬಿಳಿ ಗುರುತು.

ಸಿಸ್ಟರ್ ಫಿಲೊಮಿನಾ ಬಹಳ ಹೊತ್ತು ನೋಡಿದರು. ಅವರಿಗೆ ಪೊರೆ ಬಂದಿದೆ. "ಕಣ್ಣು ಇಲ್ಲವಾ, ನನಗೆ ಕಾಣುವುದಿಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. "ಸಮ. ನಾನು ನನ್ನದೇ ಅಂದುಕೊಂಡೆ."

ಅಕ್ಟೋಬರ್ 24, ಸೋಮವಾರ

ಮತ್ತೆ ರಂಗಂಪೇಟೆಗೆ ಹೋಗುವಷ್ಟು ಬಿಡುವಿಲ್ಲ. ಕಣ್ಣು ಬಿಟ್ಟುಹೋಗಿದೆ ಎಂದು ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದೇನೆ. ಪ್ರಾರ್ಥನಾ ಕೋಣೆಯ ಗೋಡೆಗೆ ತೂಗಿದರೆ ಮತ್ತೆ ಹಾಳಾಗುತ್ತದೆ. ಒಣಗಿದ ಗೋಡೆ ಇಡೀ ಕಟ್ಟಡದಲ್ಲಿ ಒಂದೇ: ಮುಂದಿನ ಕೋಣೆಯಲ್ಲಿ, ರೋಗಿಗಳು ಕೂರುವ ಮರದ ಬಾಕಿನ ಎದುರಿನದು. ಅಲ್ಲಿಯೇ ತೂಗುಹಾಕಿದೆ. ಕೆಳಗೆ ನನ್ನ ಮೇಜು. ಶಿಲುಬೆಗೆ ಬೆನ್ನು ಮಾಡಿ ಕೂರಬೇಕು.

ಬಂದವರೆಲ್ಲ ಅದನ್ನೇ ಕೇಳಿದರು. ಯಾರೋ ಒಬ್ಬಾಕೆ, "ಕುರುಡ ದೇವರೇನ್ರಿ?" ಎಂದಳು. ನಾನು ಉತ್ತರ ಹುಡುಕುವುದರೊಳಗೆ ಜೈತುನಬೀ, "ಚಲೋನ ಆತಲ್ಲ. ಈ ಬಾಕಿನ ಮ್ಯಾಲಿನ ಮಂದಿನ್ನ ಕಣ್ಣ ತಗದ ನೋಡಿದ್ರ ಆ ಹಲಗಿಮ್ಯಾಲಿನವರಿಗೂ ಚಳಿ ಹತ್ತಿ ಬರ್ತದ," ಎಂದಳು. ಬಾಕಿನ ತುಂಬ ನಕ್ಕರು. ನಡುಗುತ್ತಿದ್ದ ಸುಲ್ತಾನಸಾಬನೂ ನಕ್ಕ. ಆತನ ಹಲ್ಲು ಕಟಕಟ ಅನ್ನುತ್ತಿದ್ದವು.

ನವೆಂಬರ್ 2, ಬುಧವಾರ

ಸಿಸ್ಟರ್ ಫಿಲೊಮಿನಾರಿಗೆ ಐದು ದಿನದಿಂದ ಜ್ವರ. ಇಂದು ಜೀಪಿನಲ್ಲಿ ಗುಲ್ಬರ್ಗಕ್ಕೆ ಕಳಿಸಿದೆ. ಹೋಗುವಾಗ ಕೈ ಹಿಡಿದುಕೊಂಡರು. "ನೀನು ಪುಸ್ತಕದಲ್ಲಿ ಎಂತದೋ ಇಟ್ಟುಕೊಂಡಿದ್ದೀ. ನಾನು ಓದಲಿಲ್ಲ ಮಾರಾಯ್ತಿ, ನನಗೆ ಓದಲಿಕ್ಕೂ ಆಗುವುದಿಲ್ಲ. ಅದನ್ನು ಇಟ್ಟ ಮೇಲೆ ನೀನು ಆ ಪುಸ್ತಕ ತೆರೆಯುವುದು ಬಿಟ್ಟಿದ್ದೀ."

ಇನ್ನು ನಾನೊಬ್ಬಳು.

ನವೆಂಬರ್ 9, ಬುಧವಾರ

ದೀಪಾವಳಿ. ಜನ ಕಡಿಮೆ ಬರಬಹುದು ಅಂದುಕೊಂಡಿದ್ದೆ. ಬಾಗಿಲು ತೆರೆದಾಗ ಅಯ್ಯಪ್ಪನ ಸೊಸೆ ಕಟ್ಟೆಯ ಮೇಲೆ ಕೂತಿದ್ದಳು, ಐದು ತಿಂಗಳ ಬಸುರಿ, ಹೊಸ ಸೀರೆಯ ಮೇಲೆ ಕಂಬಳಿ ಹೊದ್ದಿದ್ದಳು. ಸುಲ್ತಾನಸಾಬ ಮತ್ತೆ ಬಂದ. ಮಾತ್ರೆ ಎರಡು ದಿನ ನುಂಗಿ ಬಿಟ್ಟಿದ್ದಾನೆ. ಬೈದೆ. ಲಾಲಮ್ಮನ ಕೂಸಿಗೆ ಮಾತ್ರೆ ಅರೆದು ಬೆಲ್ಲದ ನೀರಿನಲ್ಲಿ ಕೊಟ್ಟರೂ ಉಗುಳುತ್ತದೆ. ಜೈತುನಬೀ ಮೂಗು ಹಿಡಿದು ಕುಡಿಸಿದಳು. ಅಂಬ್ರಪ್ಪನಿಗೆ ಗುಲ್ಮ ಹೊಕ್ಕುಳವರೆಗೆ ಬೆಳೆದಿದೆ. ಹೊಲದ ಕೆಲಸ ಬಿಡು ಎಂದರೆ, "ಬಿಟ್ರ ನೀರಿನ ಪಾಳಿ ತಪ್ಪತದ್ರಿ," ಎನ್ನುತ್ತಾನೆ.

ಮೇಜನ್ನು ಗೋಡೆಯಿಂದ ಎಳೆದು ಪಕ್ಕಕ್ಕೆ ಹಾಕಿದ್ದೇನೆ. ಅಲ್ಲಿ ಬೆಳಕು ಚೆನ್ನಾಗಿದೆ, ಕಣ್ಣುಗುಡ್ಡೆಯ ಹಳದಿ ಸರಿಯಾಗಿ ಕಾಣುತ್ತದೆ.

ಇಂದು ಎಷ್ಟು ಮಂದಿ ಎಂದು ಎಣಿಸುವುದು ಮರೆತೆ. ನಾಳೆ ರಿಜಿಸ್ಟರ್ ನೋಡಿ ತುಂಬಬೇಕು.

ನವೆಂಬರ್ 14, ಸೋಮವಾರ

ಮದರ್‌ರಿಂದ ನೆನಪಿನ ಓಲೆ. ಒಂದೇ ಸಾಲು: ನಿನ್ನ ನಿರ್ಧಾರ ಏನಿದ್ದರೂ ಪ್ರಾರ್ಥನೆಯಲ್ಲಿ ನಿನ್ನ ಜೊತೆಗಿದ್ದೇವೆ. ನಾಳೆ ತಾರೀಖು ಹಾಕಿ ಕಳಿಸುತ್ತೇನೆ.

ನವೆಂಬರ್ 18, ಶುಕ್ರವಾರ

ಕಳಿಸಲಾಗಲಿಲ್ಲ. ಲಾಲಮ್ಮನ ಕೂಸಿಗೆ ಫಿಟ್ಸ್ ಬಂತು. ಎರಡು ದಿನ ಇಲ್ಲಿಯೇ ಇಟ್ಟುಕೊಂಡೆ. ಇಂದು ಹಾಲು ಕುಡಿಯಿತು.

ನವೆಂಬರ್ 20, ಭಾನುವಾರ

ಹನ್ನೊಂದರ ಬಸ್ಸಿಗೆ ಚಂದ್ರಾಮಪ್ಪ ಬಂದರು. ಬಗಲಲ್ಲಿ ಬಣ್ಣದ ಪೆಟ್ಟಿಗೆ. ಇಳಿದವರೇ ಬಾಕಿನ ಮೇಲೆ ಮುದುಡಿ ಕೂತರು. ಜ್ವರ ನೂರಾ ಮೂರು. ರಕ್ತ ತೆಗೆದೆ, ಮಾತ್ರೆ ಕೊಟ್ಟೆ, ಒಳಗಿನ ಮಂಚದ ಮೇಲೆ ಮಲಗಿಸಿದೆ. ಮಧ್ಯಾಹ್ನ ಬೆವರು ಬಿಟ್ಟ ಮೇಲೆ ಎದ್ದು ಮುಂದಿನ ಕೋಣೆಗೆ ಬಂದು ಶಿಲುಬೆ ನೋಡಿದರು.

"ಹಂಗ ತೂಗ ಹಾಕೀರಲ್ಲ ಯವ್ವ. ಕೂಡ್ರರಿ ಅಂತ ಸೊಸಿ ಕೈಲಿ ಹೇಳಿದ್ದೆ."

"ಕಣ್ಣು ಮರೆತಿರಿ ಅಂದುಕೊಂಡೆವು, ಅಜ್ಜಾರೆ."

"ಮರೀಲಿಕ್ಕೆ ಅದೇನ ಅಂಗಿ ಗುಂಡಿ ಹಚ್ಚೂದೇನ? ನಮ್ಮ ಮನಿತನದ ಪದ್ಧತಿ ಅದು. ಕಣ್ಣ ಕಡೀಕ ಬರಿಯೂದು. ಪಟ ಯಾರ ಮನಿಗೆ ಹೋಗ್ತದೋ ಅವರು ಬಂದು ಕನ್ನಡಿ ಹಿಡೀಬೇಕು. ನಾ ಪಟ ನೋಡಂಗಿಲ್ಲ, ಕನ್ನಡಿ ನೋಡಿ ಬರೀತೀನಿ."

ಯಾರಾದರೂ ಹಿಡಿಯಬಹುದೇ ಎಂದು ಕೇಳಿದೆ.

"ಯಾರರೆ ಅಲ್ಲ. ನಾಳಿಂದ ದಿನಾ ಅದರ ಮುಂದ ನಿಂದರೋರು. ಇವತ್ತ ಹಿಡದು ನಾಳೆ ಊರ ಬಿಟ್ಟ ಹೋಗೋರಲ್ಲ."

ಜೈತುನಬೀಯ ಕಡೆ ನೋಡಿದೆ. "ನನ್ನ ಕೇಳಬ್ಯಾಡ್ರಿ," ಎಂದಳು. "ನಮ್ಮಲ್ಲಿ ಚಿತ್ರಕ್ಕ ಕಣ್ಣ ಕೊಡೂದು ಪಾಪ. ಬ್ಯಾರೆ ಏನ ಬೇಕಾದ್ರ ಹಿಡಿತೀನಿ. ಅಜ್ಜನ ಕಾಲ ಹಿಡೀ ಅಂದ್ರ ಹಿಡಿತೀನಿ."

"ಸಿಸ್ಟರ್ ಫಿಲೊಮಿನಾ ಗುಲ್ಬರ್ಗದಿಂದ ಬರಲಿ," ಎಂದೆ.

"ನೀವ್ಯಾಕ ಹಿಡಿಯೂದಿಲ್ಲ?" ಎಂದರು ಚಂದ್ರಾಮಪ್ಪ.

"ನಾನು ಇಲ್ಲಿರುವುದು ಖಾತ್ರಿಯಿಲ್ಲ. ಬಿಟ್ಟು ಹೋಗುವ ವಿಚಾರದಲ್ಲಿದ್ದೇನೆ."

ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಜೈತುನಬೀ ಸೂಜಿ ಕುದಿಸುವ ಡಬ್ಬಿ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು.

ನವೆಂಬರ್ 22, ಮಂಗಳವಾರ

ಜೈತುನಬೀ ಮೊನ್ನೆಯಿಂದ ಮಾತಾಡಿಲ್ಲ. ಕೇಳಿದ್ದನ್ನು ತಂದುಕೊಡುತ್ತಾಳೆ, ಹೋಗುತ್ತಾಳೆ. ಇಂದು ಬಾಗಿಲು ಹಾಕುವಾಗ ಹೇಳಿದಳು:

"ಹೋಗ್ರಿ. ನಾ ಯಾರ ಬ್ಯಾಡನ್ನಾಕ. ಆದ್ರ ಹೋಗೂ ಮೊದಲ ಸೂಜಿ ಹಾಕೂದೊಂದು ನನಗ ಕಲಿಸಿ ಹೋಗ್ರಿ. ಬಾಕಿನ ಮ್ಯಾಲ ಕುಂತ ಮಂದಿಗೆ ನಾ ಏನಂತ ಹೇಳ್ಲಿ, ಸಿಸ್ಟರಿಗೆ ಬ್ಯಾಸರ ಆತಂತ ಹೇಳ್ಲ್ಯಾ?"

ದಣಿದಿದ್ದೇನೆ ಎಂದೆ.

"ನಾ ಏನ ಮಂಚದ ಮ್ಯಾಲ ಇದ್ದೆನೇನ್ರಿ?"

ಕೀಲಿ ಕೊಟ್ಟು ಒಳಗೆ ಬಂದೆ.

ನವೆಂಬರ್ 26, ಶನಿವಾರ

ಚಂದ್ರಾಮಪ್ಪ ಆರು ದಿನ ಇಲ್ಲಿಯೇ ಇದ್ದರು. ಜ್ವರ ಬಿಟ್ಟು ಮೂರು ದಿನವಾಯಿತು. ಬಾಕಿನ ಮೇಲೆ ಕೂತು ಬಂದವರನ್ನೆಲ್ಲ ನೋಡುತ್ತ, ಅವರೊಡನೆ ಮಾತಾಡುತ್ತ ಕಾಲ ಕಳೆದರು. ಇಂದು ಬೆಳಿಗ್ಗೆ ಅಂಗೈ ಚಾಚಿ ತೋರಿಸಿದರು. "ನೋಡ್ರಿ, ಇವತ್ತ ಕೈ ನಿಂತದ. ಎಪ್ಪತ್ತಾರಾತು ನನಗ. ಮತ್ತೊಮ್ಮಿ ನಡುಕ ಬಂತಂದ್ರ ಈ ಕೈಲಿ ಕಣ್ಣ ಬರಿಯಾಕ ಆಗೂದಿಲ್ಲ. ಯಾರ ಹಿಡೀತೀರಿ ನೋಡ್ರಿ, ಎರಡೂವರೆ ಬಸ್ಸಿಗೆ ನಾ ಹೋಗಾಂವ."

ಸಿಸ್ಟರ್ ಫಿಲೊಮಿನಾ ಬರುವುದು ಇನ್ನೂ ಹದಿನೈದು ದಿನವಂತೆ. ಬೇರೆ ದಾರಿ ಇರಲಿಲ್ಲ. ನಾನು ಹಿಡಿಯುತ್ತೇನೆ ಎಂದೆ. ಅವರು ಬಣ್ಣದ ಪೆಟ್ಟಿಗೆ ಬಿಚ್ಚಿದರು. ಕೆಲಸ ನಿಲ್ಲಬಾರದೆಂದು ಅಷ್ಟೇ ಒಪ್ಪಿಕೊಂಡದ್ದು. ಅದನ್ನು ಇಲ್ಲಿ ಬರೆದಿಡುತ್ತೇನೆ.

ಶಿಲುಬೆಯನ್ನು ಇಳಿಸಿ ಮೇಜಿನ ಮೇಲೆ ಪಕ್ಕದ ಗೋಡೆಗೆ ಒರಗಿಸಿದರು. ಅದಕ್ಕೆ ಓರೆಯಾಗಿ ಸ್ಟೂಲಿನ ಮೇಲೆ ಕೂತರು. ಅಳಿಲ ಬಾಲದ ಕೂದಲಿನ ಕುಂಚ, ಚಿಪ್ಪಿನಲ್ಲಿ ಕಪ್ಪು. ನಾನು ಎದುರು ನಿಂತು ಕನ್ನಡಿಯನ್ನು ಎರಡೂ ಕೈಯಲ್ಲಿ ಮುಖದ ಮುಂದೆ ಹಿಡಿಯಬೇಕು. ಮುಗಿಯುವವರೆಗೆ ಇಣುಕುವಂತಿಲ್ಲ, ಮೊದಲ ನೋಟ ಕನ್ನಡಿಗೆ ಬೀಳಬೇಕು, ಮನುಷ್ಯರ ಮೇಲೆ ಬೀಳಬಾರದಂತೆ. ಕನ್ನಡಿಯ ಹಿಂಭಾಗಕ್ಕೆ ಕೆಂಪು ಬಣ್ಣ, ಒಂದು ಮೂಲೆಯಲ್ಲಿ ಕಿತ್ತುಹೋಗಿದೆ. ಇಪ್ಪತ್ತೈದು ನಿಮಿಷ ನಾನು ನೋಡಿದ್ದು ಅದನ್ನೇ.

ಶನಿವಾರದ ಸಾಲು ನನ್ನ ಬೆನ್ನ ಹಿಂದೆ ಬೆಳೆಯುತ್ತಿತ್ತು. ಯಾರೋ ಕೆಮ್ಮಿದರು.

"ಜೈತುನಬೀ, ಅಂಬ್ರಪ್ಪ ಬಂದಿದ್ದಾನೆ. ನಿಲ್ಲಿಸಬೇಡ, ಮಂಚದ ಮೇಲೆ ಮಲಗಿಸು."

"ಮಲಗಿಸೀನಿ."

ಬಳೆಯ ಸದ್ದು ಬಾಗಿಲಲ್ಲಿ ನಿಂತಿತು, ಯಾರದೆಂದು ತಿಳಿದು ಹೇಳಿದೆ. "ಅಯ್ಯಪ್ಪನ ಸೊಸೆಗೆ ಬಿಳಿ ಮಾತ್ರೆ ಮಾತ್ರ. ಕಂದು ಮಾತ್ರೆ ಕೊಡಬೇಡ, ಬಸುರಿ."

"ಗೊತ್ತದ್ರಿ."

"ಲಾಲಮ್ಮನ ಕೂಸು ಅಳುತ್ತಿದೆ. ಇವತ್ತಿನದು ಹಸಿವಿನ ಅಳು, ಜ್ವರದ್ದಲ್ಲ. ಮೊದಲು ಹಾಲು ಕೊಡು ಅನ್ನು. ಆಮೇಲೆ ಆ ಸುಲ್ತಾನಸಾಬ, ಇಲ್ಲಿ ಕೂತೇ ನುಂಗಲಿ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುತ್ತಾನೆ."

"ಏ ಸಾಬ, ಅಂಗೈ ತೋರ್ಸು," ಎಂದಳು ಜೈತುನಬೀ. ನಗು ಕೇಳಿಸಿತು. "ಮಾರಿ ಮುಚ್ಕೊಂಡ ದವಾಖಾನಿ ನಡಸಾಕತ್ತೀರಿ. ಇನ್ನ ಆ ಹಲಗಿಮ್ಯಾಲಿನವರಿಗೆ ಕಣ್ಣ ಯಾಕ ಬೇಕ್ರಿ?"

"ನಗಿಸಬ್ಯಾಡ ಬೀ," ಎಂದರು ಚಂದ್ರಾಮಪ್ಪ. "ಯವ್ವ, ಕನ್ನಡಿ ಅಲ್ಲಾಡ್ತದ."

ತೋಳು ಸೋತು ಬಂತು. ಸಾಕೇ ಎಂದು ಎರಡು ಸಲ ಕೇಳಿದೆ. ಕೊನೆಗೆ ಇಳಿಸ್ರಿ ಎಂದರು. ಅಷ್ಟರಲ್ಲಿ ಅಂಬ್ರಪ್ಪ ವಾಂತಿ ಮಾಡಿಕೊಂಡ. ಕನ್ನಡಿ ಕೊಟ್ಟು ಅತ್ತ ಓಡಿದೆ. ಅವರು ಶಿಲುಬೆಯನ್ನು ತಾವೇ ಗೋಡೆಗೆ ತೂಗುಹಾಕಿದರು.

ಬಸ್ಸು ಬರುವ ಮೊದಲು ಬಂದು ನೋಡಿದೆ. ಉದ್ದನೆಯ ಕಣ್ಣು, ಸುರಪುರದ ಪಟಗಳಲ್ಲಿರುವಂಥವು. ಎಡಕ್ಕೆ ನಿಂತೆ, ಬಲಕ್ಕೆ ನಿಂತೆ, ಬಾಗಿಲಿಗೆ ಹೋದೆ. ನನ್ನನ್ನು ನೋಡುತ್ತಿರಲಿಲ್ಲ.

"ಗುಡ್ಡಿ ನಡೂ ಇಡಲಿಲ್ಲವೇ ಅಜ್ಜಾರೆ?"

"ಇಲ್ಲ. ಒಂದೀಟು ಕೆಳಗಿಟ್ಟೀನಿ, ಬಾಕಿನ ಕಡೆ. ಆರು ದಿನ ಅಲ್ಲಿ ಕುಂತಿದ್ನಲ್ಲ. ನೋಡಿಸ್ಕೊಳ್ಳೂದು ಬೇಕಾದದ್ದು ಅಲ್ಲಿ ಕುಂತವರಿಗೆ. ನಿಮ್ಮನ್ನ ಯಾಕ ನೋಡಬೇಕು? ನೀವ್ ಮನಿಯಾಕಿ." ಪೆಟ್ಟಿಗೆ ಎತ್ತಿಕೊಂಡರು. "ಬ್ಯಾಡಂದ್ರ ತಿದ್ದತೀನಿ."

ಬೇಡ, ಇರಲಿ ಎಂದೆ. ಏಕೆ ಹಾಗೆಂದೆನೋ ಗೊತ್ತಿಲ್ಲ. ಬಸ್ಸಿಗೂ ಹೊತ್ತಾಗಿತ್ತು.

ನವೆಂಬರ್ 30, ಬುಧವಾರ

ಮಧ್ಯಾಹ್ನ ಸಾಲು ಮುಗಿದ ಮೇಲೆ ಪ್ರಾರ್ಥನೆಯ ಪುಸ್ತಕ ತೆರೆದು ಪತ್ರ ತೆಗೆದೆ. ಮೇಜಿನ ತುಂಬ ರಕ್ತ ಸವರಿದ ಗಾಜಿನ ಪಟ್ಟಿ ಒಣಗಲು ಇಟ್ಟಿದ್ದೆ, ಬರೆಯಲು ಜಾಗವಿರಲಿಲ್ಲ. ಬಾಕಿನ ಮೇಲೆ ಕೂತೆ. ಈ ಎರಡು ವರ್ಷದಲ್ಲಿ ಅಲ್ಲಿ ಕೂತದ್ದು ಇದೇ ಮೊದಲಿರಬೇಕು. ಕುಳಿತಲ್ಲಿ ಮರ ಸವೆದು ನುಣುಪಾಗಿದೆ. ತಲೆಯೆತ್ತಿದೆ. ನೋಡುತ್ತಿದ್ದ.

ಕೈಕೆಲಸ ಎಂದು ಗೊತ್ತು. ಹೇಗೆ ಮಾಡುತ್ತಾರೆಂದೂ ಗೊತ್ತು.

ಹಳೆಯ ಪತ್ರ ಹರಿದು ಹಾಕಿದೆ. ಹೊಸ ಕಾಗದದಲ್ಲಿ ಮೂರು ಸಾಲು ಬರೆದೆ: ಜೀವಮಾನದ ವ್ರತಕ್ಕೆ ಅಪ್ಪಣೆ ಬೇಡುತ್ತೇನೆ. ಕಾರಣ ಬರೆಯಬೇಕೆಂದು ನಿಯಮವಿದೆ. ಹದಿನಾರರಲ್ಲಿ ಸೇರುವಾಗ ಬರೆದ ಕಾರಣವನ್ನು ಈಗ ಬರೆಯಲಾಗುವುದಿಲ್ಲ. ಬೇರೆ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಜೈತುನಬೀ, "ಬಿಳಿ ಗುಳಿಗಿ ಸಂಕ್ರಾಂತಿತನಕಾನೂ ಬರೂದಿಲ್ರಿ, ಅದನ್ನೂ ಬರೀರಿ," ಎಂದಳು. ಜನವರಿಯಿಂದ ಮಾರ್ಚಿವರೆಗೆ ಎಷ್ಟು ಮಾತ್ರೆ, ಎಷ್ಟು ಸೂಜಿ, ಎಷ್ಟು ಗಾಜಿನ ಪಟ್ಟಿ ಬೇಕು ಎಂದು ಅದರ ಕೆಳಗೇ, ಕಾರಣ ಬರೆಯಬೇಕಿದ್ದ ಜಾಗದಲ್ಲಿ, ಬರೆದು ಸಹಿ ಹಾಕಿದೆ.

ಅಂಚೆಗೆ ಹಾಕಲು ಬಸ್ಸಿನವನ ಕೈಗೆ ಕೊಟ್ಟು ಬಂದ ಮೇಲೆ ನೆನಪಾಯಿತು: ಔಷಧದ ಬೇಡಿಕೆಯನ್ನು ಬೇರೆ ಕಾಗದದಲ್ಲಿ ಬರೆಯಬೇಕಿತ್ತು.